ಗಾಂಜಾ ಬಿಟ್ಟು ಐದು ದಿನ ಆಯ್ತು, ನಿದ್ದೆ ಬರ್ತಿಲ್ಲ. ನನಗೆ ಹುಚ್ಚು ಹಿಡೀತಿದೆಯಾ?

ಇಲ್ಲ, ಹುಚ್ಚು ಹಿಡಿಯುತ್ತಿಲ್ಲ. ನಾಲ್ಕು ವರ್ಷ ದಿನಾ ಸೇದಿ ಐದು ದಿನದ ಹಿಂದೆ ಬಿಟ್ಟೆ ಅಂದಿದ್ದೀರಿ. ದಿಂಬು ಒದ್ದೆಯಾಗುವಷ್ಟು ಬೆವರು, ಊಟ ಸೇರಲ್ಲ, ಅಮ್ಮನ ಮೇಲೆ ಸುಮ್ಮಸುಮ್ನೆ ರೇಗಾಟ. ಗೆಳೆಯ ಬೇರೆ "ನಿದ್ದೆಗೆ ಮಾತ್ರ ಒಂದು ಹೊಡಿ" ಅಂತಿದ್ದಾನೆ. ಒಂದೊಂದನ್ನೂ ನಾನು ಅನುಭವಿಸಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

"ಅದು ಬರೀ ಸೊಪ್ಪು, ಬಿಟ್ರೆ ಏನೂ ಆಗಲ್ಲ" ಅಂತ ನಮ್ಮ ಗುಂಪಿನಲ್ಲೂ ಹೇಳುತ್ತಿದ್ದರು. ಆ ಮಾತು ನಂಬಿದ್ದರಿಂದಲೇ ಬಿಟ್ಟ ಮೇಲೆ ಜಾಸ್ತಿ ಹೆದರಿದೆ. ಏನೂ ಆಗಬಾರದು ಅಂದಮೇಲೆ ನನಗೆ ಯಾಕೆ ಹೀಗಾಗುತ್ತಿದೆ ಅಂತ. ಆದರೆ ಇದು ವೈದ್ಯರಿಗೆ ಗೊತ್ತಿರುವ ವಿಷಯ. ಮನೋವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ 2013ರಲ್ಲೇ ಗಾಂಜಾ ವಿತ್‌ಡ್ರಾವಲ್, ಅಂದರೆ ಬಿಟ್ಟ ಮೇಲೆ ಕಾಡುವ ಈ ತೊಂದರೆಗಳು, ಸೇರಿದೆ. ಸಾಮಾನ್ಯವಾಗಿ ಬಿಟ್ಟ ಒಂದೆರಡು ದಿನಕ್ಕೆ ಶುರುವಾಗಿ, ಮೊದಲ ವಾರದಲ್ಲಿ ತೀರಾ ಜೋರಾಗಿ, ಎರಡು ವಾರದ ಹೊತ್ತಿಗೆ ಹೆಚ್ಚಿನದು ಇಳಿಯುತ್ತದೆ. ನಿದ್ದೆ ಮಾತ್ರ ಸರಿಹೋಗಲು ತಿಂಗಳು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕು. ನೀವೀಗ ಅತಿ ಕಷ್ಟದ ದಿನಗಳಲ್ಲೇ ಇದ್ದೀರಿ.

ದಿನಾ ಸೇದಿದಾಗ ಅದರಲ್ಲಿನ ಅಮಲೇರಿಸುವ ಅಂಶವಾದ ಟಿಎಚ್‌ಸಿಗೆ ಮೆದುಳು ಒಗ್ಗಿಹೋಗಿ, ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ತಾನೇ ಕಡಿಮೆ ಮಾಡಿಕೊಂಡಿರುತ್ತದೆ. ಬಿಟ್ಟ ಎರಡು ದಿನಕ್ಕೇ ಅವು ಮರಳಲು ಶುರುವಾಗುತ್ತವೆ, ಸುಮಾರು ನಾಲ್ಕು ವಾರಕ್ಕೆ ಮೊದಲಿನ ಸ್ಥಿತಿಗೆ ಹತ್ತಿರ ಬರುತ್ತವೆ. ನಿಮ್ಮ ಈ ಸಂಕಟ ಆ ರಿಪೇರಿಯ ಸಮಯದ್ದು.

ಇನ್ನೊಂದು ವಿಷಯ. ನಾವು ಸಿಗರೇಟಿನ ತಂಬಾಕು ಬೆರೆಸಿ ಸುತ್ತುತ್ತೇವೆ, ಅಲ್ವಾ? ಹಾಗಾಗಿ ನಿಕೋಟಿನ್ ಕೂಡ ಅದೇ ದಿನ ನಿಂತಿರುತ್ತದೆ. ನಿಮ್ಮ ಸಿಡುಕಿನಲ್ಲಿ ಅದರ ಪಾಲೂ ಇರಬಹುದು. ಡಾಕ್ಟರ್ ಹತ್ತಿರ ಹೋದರೆ ಇದನ್ನು ಮರೆಯದೆ ಹೇಳಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ.

ಈಗ ನಿಮ್ಮ ಗೆಳೆಯನ ಮಾತಿಗೆ ಬರುತ್ತೇನೆ. ನಾನು ಮೊದಲ ಸಲ ಬಿಟ್ಟಾಗ ಆರನೇ ರಾತ್ರಿ ವಿಜಯನಗರದ ನಮ್ಮ ಮನೆ ತಾರಸಿಯಲ್ಲಿ, ನಿದ್ದೆಗೆ ಅಂತಲೇ, ಒಂದೇ ಒಂದು ಸೇದಿದೆ. ಚೆನ್ನಾಗಿ ನಿದ್ದೆ ಬಂತು. ಮಾರನೇ ಸಂಜೆ ಏಳಕ್ಕೆ ಕೈ ತಾನಾಗೇ ಪೇಪರ್ ಹುಡುಕಿತು. ಮತ್ತೆ ಬಿಡುವ ಧೈರ್ಯ ಬರಲು ಹದಿನಾಲ್ಕು ತಿಂಗಳು ಬೇಕಾಯಿತು. ನಿಮ್ಮ ಗೆಳೆಯ ಕೆಟ್ಟವನಲ್ಲ, ನಿಮ್ಮ ಕಷ್ಟ ನೋಡಲಾಗದೆ ಹೇಳುತ್ತಿರಬಹುದು. ಆದರೂ ಈ ತಿಂಗಳು ಅವನನ್ನು ಸಂಜೆ ಹೊತ್ತು ಭೇಟಿಯಾಗಬೇಡಿ.

ಎರಡನೇ ಸಲ ನಾನು ನಿದ್ದೆಯ ಬೆನ್ನು ಹತ್ತಲಿಲ್ಲ. ಬರದಿದ್ದರೆ ಎದ್ದು ಕೂರುತ್ತಿದ್ದೆ. ಮಧ್ಯಾಹ್ನದ ಮೇಲೆ ಕಾಫಿ ನಿಲ್ಲಿಸಿದೆ. ಮಲಗುವ ಮುಂಚೆ ಬಿಸಿನೀರಿನ ಸ್ನಾನ. ಅನ್ನ ಇಳಿಯುತ್ತಿರಲಿಲ್ಲ, ರಾಗಿ ಗಂಜಿ, ಮಜ್ಜಿಗೆ, ಬಾಳೆಹಣ್ಣಿನಲ್ಲಿ ವಾರ ಕಳೆದೆ. ಸಂಜೆ ಏಳರಿಂದ ಒಂಬತ್ತು ನನಗೆ ಅಪಾಯದ ಹೊತ್ತು. ಆ ಹೊತ್ತಿಗೆ ಫೋನ್ ಮನೆಯಲ್ಲಿಟ್ಟು ಅತ್ತಿಗುಪ್ಪೆವರೆಗೆ ನಡೆದು ಬರುತ್ತಿದ್ದೆ. ನಿದ್ದೆಗೆ ಅಂತ ಎಣ್ಣೆ ಹಾಕಲು ಹೋಗಬೇಡಿ, ಮೆಡಿಕಲ್ ಶಾಪಿನಲ್ಲಿ ನೀವೇ ಮಾತ್ರೆ ಕೇಳಿ ತಗೊಳ್ಳಬೇಡಿ.

ನಿದ್ದೆ ಬಂದಾಗ ಕನಸುಗಳು ಬರುತ್ತವೆ. ತಯಾರಾಗಿರಿ. ಕನಸು ಬೀಳುವ ಹಂತದ ನಿದ್ದೆಯನ್ನು ಗಾಂಜಾ ತಡೆದಿರುತ್ತದೆ, ಬಿಟ್ಟಾಗ ಅದು ನುಗ್ಗಿ ಬರುತ್ತದೆ. ಎಷ್ಟೋ ವರ್ಷಗಳಿಂದ ನನಗೆ ಕನಸೇ ಇರಲಿಲ್ಲ. ಹತ್ತನೇ ರಾತ್ರಿ ತೀರಿಹೋದ ಅಜ್ಜಿ ಬಂದು ಮಾಗಡಿ ಮನೆ ಜಗಲಿ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದರು. ಬೀಜ ಬೀಳುವ ಸದ್ದು ಕೂಡ ಕೇಳಿಸಿತು. ಅಳುತ್ತಾ ಎದ್ದೆ. ಸೇದುತ್ತಿರುವ ಹಾಗೆ ಕನಸು ಬಿದ್ದು, ಛೇ ಎಲ್ಲಾ ಹಾಳಾಯಿತು ಅಂತ ಗಾಬರಿಯಿಂದ ಎದ್ದದ್ದೂ ಇದೆ. ಅಂಥ ಕನಸು ಬಿದ್ದರೆ ನೀವು ಸೋತಿದ್ದೀರಿ ಅಂತ ಅರ್ಥವಲ್ಲ.

ಆದರೆ ಯಾರೋ ಮಾತಾಡಿದ ಹಾಗೆ ಕೇಳಿಸಿದರೆ, ಎಲ್ಲರೂ ನಿಮ್ಮ ವಿರುದ್ಧ ಇದ್ದಾರೆ ಅನ್ನಿಸಿದರೆ, ಸಾಯುವ ಯೋಚನೆ ಬಂದರೆ, ಕಾಯಬೇಡಿ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆ 24 ಗಂಟೆಯೂ ಇದೆ. ಅಲ್ಲೇ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೂ ಇದೆ. ಮಧ್ಯರಾತ್ರಿ ಬರೀ ಮಾತಾಡಬೇಕು ಅನ್ನಿಸಿದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಭಯದಿಂದ ಆಸ್ಪತ್ರೆಗೆ ಹೋಗದವರನ್ನು ಕಂಡಿದ್ದೇನೆ. ಡಾಕ್ಟರಿಗೆ ನೀವು ರೋಗಿ, ಅಷ್ಟೇ. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ, ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗೇ ಚಿಕಿತ್ಸೆಗೆ ಬಂದರೆ ವಿನಾಯಿತಿ ಕೊಡುವ 64ಎ ಕಲಂ ಇದೆ.

ಅಮ್ಮನ ಹತ್ತಿರ ಹೇಳಿಬಿಡಿ. ನಾನು ಏಳನೇ ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದೆ. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸ್ಟೌ ಆರಿಸಿ, "ರಾತ್ರಿ ನಿದ್ದೆ ಬರದಿದ್ರೆ ನನ್ನ ಎಬ್ಬಿಸು" ಅಂದರು. ಮೂರು ರಾತ್ರಿ ಎಬ್ಬಿಸಿದೆ. ಹಾಲ್‌ನಲ್ಲಿ ಲೈಟ್ ಹಾಕಿಕೊಂಡು ಜೊತೆಗೆ ಕೂತಿರುತ್ತಿದ್ದರು.