ದಾವಣಗೆರೆಯ ಬಿಸಿಲಿಗೆ ಪಮೇರಿಯನ್ ನಾಯಿಯ ಕೂದಲು ಬೋಳಿಸಬೇಕೇ?

ದಾವಣಗೆರೆಯಲ್ಲಿ ಮನೆ, ಇಬ್ಬರು ಚಿಕ್ಕ ಮಕ್ಕಳು, ಬಿಳಿ ಪಮೇರಿಯನ್ ಮರಿ ತರುವ ಆಸೆ. ಬೇಸಿಗೆಯಲ್ಲಿ ಕೂದಲು ಬೋಳಿಸಿದರೆ ನಾಯಿ ಆರಾಮವಾಗಿ ಇರುತ್ತದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಬೋಳಿಸಬೇಡಿ. ನಾನೂ ಇದೇ ಊರಿನವಳು. ನಿಟುವಳ್ಳಿಯ ನಮ್ಮ ಮನೆಯಲ್ಲಿ ಪಿಂಕಿ ಎಂಬ ಬಿಳಿ ಮಹಾರಾಣಿಯ ದರ್ಬಾರು ನಡೆಯುತ್ತಿದೆ. ಎಲ್ಲರಿಗೂ ಚಿಂತೆ ಈ ನಾಯಿಯ ಕೂದಲಿನದು. ನನ್ನನ್ನು ಕೇಳಿದರೆ ಚಿಂತಿಸಬೇಕಾದದ್ದು ಅದರ ಬಾಯಿಯ ಬಗ್ಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ತರುತ್ತಿರುವುದು ಯಾವ ನಾಯಿ ಎಂದು ನೋಡಿಕೊಳ್ಳಿ. ನಮ್ಮ ಕಡೆ ಪಮೇರಿಯನ್ ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್ ನಾಯಿಗಳಿಂದ ಇಲ್ಲಿಯೇ ಬೆಳೆದುಬಂದ ತಳಿ ಅದು. ಅಸಲಿ ಪಮೇರಿಯನ್ ದೊಡ್ಡದಾದರೂ ಮೂರು, ಮೂರೂವರೆ ಕಿಲೋ ತೂಗುತ್ತದೆ. ಇಂಡಿಯನ್ ಸ್ಪಿಟ್ಜ್‌ನಲ್ಲಿ ಚಿಕ್ಕ ಬಗೆಯದು 5ರಿಂದ 7 ಕಿಲೋ. ದೊಡ್ಡ ಬಗೆಯದು 12 ಕಿಲೋ ದಾಟುತ್ತದೆ. ಪಮೇರಿಯನ್ ಬೆಲೆ ತೆತ್ತು ಸ್ಪಿಟ್ಜ್ ತಂದರೆ ನಷ್ಟ ಜೇಬಿಗೇ ಹೊರತು ಮನೆಗಲ್ಲ. ತಲೆಮಾರುಗಳಿಂದ ನಮ್ಮ ಹವೆಗೆ ಒಗ್ಗಿದ ನಾಯಿ, ಗಟ್ಟಿಮುಟ್ಟು. ಅಂಗೈಯಗಲದ ಪಮೇರಿಯನ್ ಮಗುವಿನ ಕೈಜಾರಿ ಬಿದ್ದರೆ ಕಾಲು ಮುರಿದುಕೊಳ್ಳಬಹುದು. ಹಾಗಾಗಿ ಮಕ್ಕಳಿರುವ ಮನೆಗೆ ನನ್ನ ಮತ ಸ್ಪಿಟ್ಜ್‌ಗೇ. ಯಾವುದೇ ಆಗಲಿ, ಎಂಟು ವಾರ ತುಂಬದ ಮರಿಯನ್ನು ಕೊಳ್ಳಬೇಡಿ. 2017ರ ಕೇಂದ್ರ ನಿಯಮದ ಪ್ರಕಾರ ಅದನ್ನು ಮಾರುವಂತೆಯೇ ಇಲ್ಲ. ಮೊಬೈಲಿನಲ್ಲಿ ಸಮೋಯೆಡ್ ವಿಡಿಯೊ ನೋಡಿ ಮನಸ್ಸು ಅತ್ತ ಹರಿದಿದ್ದರೆ ಮಾತ್ರ ಈಗಲೇ ಕೈಬಿಡಿ. ಸೈಬೀರಿಯಾದಲ್ಲಿ ಹಿಮಸಾರಂಗ ಕಾಯುತ್ತಿದ್ದ ನಾಯಿಗೆ ಇಲ್ಲಿಯ ಏಪ್ರಿಲ್ ತೋರಿಸುವುದು ಪಾಪದ ಕೆಲಸ.

ಈ ನಾಯಿಗಳ ಕೂದಲು ಎರಡು ಪದರದ್ದು. ಒಳಗೆ ಹತ್ತಿಯಂಥ ಒತ್ತಾದ ರೋಮ, ಹೊರಗೆ ಉದ್ದನೆಯ ನೇರ ಕೂದಲು. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳಬೇಕು. ಆದ್ದರಿಂದ ಬೋಳಿಸಿ ಲಾಭವಿಲ್ಲ, ಬಿಸಿಲು ನೇರವಾಗಿ ಚರ್ಮಕ್ಕೆ ಬಡಿಯುತ್ತದೆ ಅಷ್ಟೆ. ಸ್ಪಿಟ್ಜ್ ಜಾತಿಗಳಲ್ಲಿ ಬೋಳಿಸಿದ ಕೂದಲು ತಿಂಗಳುಗಟ್ಟಲೆ ಬಾರದೆ ಉಳಿಯುವುದೂ ಬಂದರೆ ತೇಪೆ ತೇಪೆಯಾಗಿ ಬರುವುದೂ ಉಂಟು. ಅಂಗಾಲಿನ ಬೆರಳ ಸಂದು, ಬಾಲದ ಕೆಳಗೆ ಕತ್ತರಿ ಆಡಿಸಿಕೊಳ್ಳಿ, ಸಾಕು.

ನಿಜವಾದ ಕೆಲಸ ಬಾಚುವುದು. ವಾರಕ್ಕೆ ಎರಡು ಮೂರು ಸಲ, ಒಳರೋಮ ಉದುರುವ ಕಾಲದಲ್ಲಿ ದಿನವೂ. ಮೇಲ್ಪದರವನ್ನಷ್ಟೇ ಬಾಚಿದರೆ ಹೊರಗೆ ಥಳಥಳ, ಒಳಗೆ ಗಂಟು ಇದ್ದಂತೆಯೇ ಇರುತ್ತದೆ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಬೈತಲೆ ತೆಗೆದ ಹಾಗೆ ಚರ್ಮ ಕಾಣುವಂತೆ ಮಾಡಿಕೊಂಡು, ಒಂದೊಂದೇ ಎಳೆಯ ಸಾಲನ್ನು ಕೆಳಕ್ಕೆ ಬಿಡಿಸುತ್ತ ಬನ್ನಿ. ಮೊದಲೇ ತುಸು ನೀರು ಚಿಮುಕಿಸಿದರೆ ಕೂದಲು ತುಂಡಾಗುವುದಿಲ್ಲ. ಗಂಟು ಕಟ್ಟುವುದು ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ, ಹಿಂಗಾಲಿನ ತೊಡೆಯಲ್ಲಿ. ಬೆನ್ನು ಬಾಚುವಾಗ ಪಿಂಕಿ ಕಣ್ಣು ಮುಚ್ಚಿ ಕಾಲು ಚಾಚುತ್ತಾಳೆ. ಕೈ ತೊಡೆಯ ಕಡೆ ಸರಿಯಿತೋ, ಎದ್ದು ಕುಳಿತು ಬಾಚಣಿಗೆಯನ್ನೇ ನೆಕ್ಕಿ ರಾಜಿಗೆ ಬರುತ್ತಾಳೆ. ಬಾಚುವಾಗಲೇ ಕಿವಿಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಉಣುಗು ಇದೆಯೇ ನೋಡಿ. ಬಿಳಿ ಕೂದಲ ಕಾಡಿನಲ್ಲಿ ಅವು ಕಾಣುವುದಿಲ್ಲ, ಬೆರಳಿಗೆ ತಗಲುತ್ತವೆ. ನಾಯಿ ಊಟ ಬಿಟ್ಟು ಮಂಕಾದರೆ, ಒಸಡು ಬಿಳಿಚಿಕೊಂಡರೆ ಉಣುಗಿನ ಜ್ವರವಿರಬಹುದು. ಪಶುವೈದ್ಯರಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಸುತ್ತಾಟ ಬೆಳಿಗ್ಗೆ ಏಳರೊಳಗೆ ಮುಗಿಯಲಿ. ಕುಂದುವಾಡ ಕೆರೆಯ ಕಡೆ ಆ ಹೊತ್ತಿಗೆ ಗಾಳಿ ಚೆನ್ನಾಗಿರುತ್ತದೆ. ಸಂಜೆ ಹೊರಡುವ ಮುನ್ನ ನಿಮ್ಮ ಅಂಗೈಯನ್ನು ರಸ್ತೆಯ ಮೇಲೆ ಐದಾರು ಸೆಕೆಂಡ್ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ನಾಯಿಯ ಪಾದಕ್ಕೂ ತಡೆಯದು. ಕೊರಳ ಪಟ್ಟಿಗೆ ಹಗ್ಗ ಕಟ್ಟಿ ಎಳೆಯಬೇಡಿ, ಎದೆಗೆ ಹಾಕುವ ಹಾರ್ನೆಸ್ ಕೊಳ್ಳಿ. ಚಿಕ್ಕ ತಳಿಗಳ ಶ್ವಾಸನಾಳ ಮೆತ್ತಗೆ, ಅದು ಕುಸಿಯುವ ಕಾಯಿಲೆ ಪಮೇರಿಯನ್‌ಗಳಲ್ಲಿ ಸಾಮಾನ್ಯ. ಬಿಸಿಲಿನ ಝಳಕ್ಕೆ ನಾಯಿ ಏದುಸಿರು ನಿಲ್ಲದೆ ಜೊಲ್ಲು ಸುರಿಸಿ ತೂರಾಡತೊಡಗಿದರೆ ಮೈಗೆ ನಲ್ಲಿ ನೀರು ಹುಯ್ದು, ಫ್ಯಾನ್ ಕೆಳಗಿಟ್ಟು, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಈಗ ಬಾಯಿ. ಈ ಊರಿನಲ್ಲಿ ನಾಯಿಯ ಶತ್ರು ಬಿಸಿಲಿಗಿಂತ ಬೆಣ್ಣೆ ದೋಸೆ. ನಮ್ಮ ಅತ್ತೆಯವರಿಗೆ ದೋಸೆಯ ಒಂದು ತುಂಡು ಪಿಂಕಿಗೆ ಹಾಕದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜಿಡ್ಡು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ, ಹೊಟ್ಟೆನೋವು ಶುರುವಾಗಬಹುದು. ಸಂಜೆಯ ಮಂಡಕ್ಕಿಯಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಒಣದ್ರಾಕ್ಷಿ, ಚಾಕೊಲೇಟ್ ಕೂಡ ವಿಷ; ಮಕ್ಕಳಿಗೆ ಮೊದಲು ಇದನ್ನು ಹೇಳಿಕೊಡಿ. ಹಲ್ಲು ಬೇಗ ಹಾಳಾಗುವ ಜಾತಿಯಾದ್ದರಿಂದ ಮರಿಯಿಂದಲೇ ನಾಯಿಗಳ ಪೇಸ್ಟ್‌ನಲ್ಲಿ ಹಲ್ಲುಜ್ಜುವ ಅಭ್ಯಾಸ ಮಾಡಿಸಿ.

ಮತ್ತೆ ಬೊಗಳುವುದು. ಹಾಲಿನವನಿಗೆ, ಗ್ಯಾಸ್ ಸಿಲಿಂಡರಿನವನಿಗೆ, ಪಕ್ಕದ ಮನೆಯ ಕುಕ್ಕರ್ ವಿಷಲಿಗೂ ಬೊಗಳುತ್ತದೆ. ನೀವೂ ಕೂಗಿದರೆ ಜೊತೆಗೂಡಿದಿರಿ ಎಂಬಂತೆ ಇನ್ನಷ್ಟು ಜೋರಾಗುತ್ತದೆ. ಸುಮ್ಮನಾದ ಕ್ಷಣಕ್ಕೆ ತಿನಿಸು ಕೊಡಿ. ನಿಮ್ಮದು ಬಾಡಿಗೆ ಮನೆಯಾದರೆ ಮರಿ ತರುವ ಮುಂಚೆಯೇ ಮಾಲೀಕರ ಕಿವಿಗೆ ಹಾಕಿಬಿಡಿ.