ಮಲೆನಾಡಿನ ಜನಪದ ಹಾಡುಗಳಿಗೆ ಪಿಟೀಲು ಏಕೆ ಸೇರಲಿಲ್ಲ?

ಪಿಟೀಲು ನಮ್ಮಲ್ಲಿಗೆ ಬಂದ ದಾರಿಯೇ ಮುಖ್ಯ ಕಾರಣವೆಂದು ನನಗನ್ನಿಸುತ್ತದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1859) ಯುರೋಪಿಯನ್ ಶಿಕ್ಷಕರಿಂದ ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಹಾಗಾಗಿ ಅದು ಆಸ್ಥಾನ, ಕಚೇರಿಗಳಲ್ಲಿ ಬೆಳೆಯಿತು; ಕುಳಿತು, ತುದಿಯನ್ನು ಪಾದಕ್ಕೆ ಊರಿ ನುಡಿಸುವ ವಾದ್ಯವಾಯಿತು.

ಮಲೆನಾಡಿನ ಹಾಡುಗಾರರೋ ನಡೆಯುವವರು. ದೀಪಾವಳಿಯಲ್ಲಿ ಅಂಟಿಗೆ–ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ ಸಾಗುತ್ತಾರೆ. ಮುಂದಿನವರು ಎತ್ತಿಕೊಟ್ಟ ಸೊಲ್ಲನ್ನು ಹಿಂದಿನವರು ಹಿಡಿದು ಹಾಡುವಾಗ ಆ ತುಂಬುಕಂಠಗಳಿಗೆ ವಾದ್ಯವೇ ಬೇಕಿಲ್ಲ! ಐರ್ಲೆಂಡಿನಲ್ಲಿ ಪಿಟೀಲು ಕುಣಿತವನ್ನು ನಡೆಸುತ್ತದೆ. ಶಿವಮೊಗ್ಗದ ಸುತ್ತಮುತ್ತ ಆ ಕೆಲಸ ಡೊಳ್ಳಿನದು. ತಂತಿಯ ನಾದಕ್ಕೆ ಚೌಡಿಕೆ ಇದೆ: ಎಲ್ಲಮ್ಮನ ಭಕ್ತರು ಅದನ್ನು ಕಂಕುಳಲ್ಲಿಟ್ಟು, ಒಂದೇ ತಂತಿಯನ್ನು ಬಿಗಿಗೊಳಿಸುತ್ತ, ಸಡಿಲಿಸುತ್ತ ಮೀಟಿ ಸ್ವರವನ್ನು ಜಾರಿಸುತ್ತಾರೆ.