ಮೆಕ್ಕೆಜೋಳದ ದಂಟು ಪೂರ್ತಿ ಮಾರಬಹುದಾ?

ದಾವಣಗೆರೆ ಕಡೆ 4 ಎಕರೆ ಕೆಂಪು ಭೂಮಿ, ಮಳೆ ನಂಬಿದ ಮೆಕ್ಕೆಜೋಳ. ಎಥನಾಲ್‌ಗೆ, ಪೆಲೆಟ್‌ಗೆ (ಒತ್ತಿ ಮಾಡುವ ಉರುವಲು ಗುಳಿಗೆ) ಅಂತ ವ್ಯಾಪಾರಿಗಳು ದಂಟು ಕೇಳ್ತಿದ್ದಾರೆ, ಎಲ್ಲಾ ಕೊಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಎಲ್ಲಾ ಕೊಡಬೇಡಿ. ಮೊದಲು ಬೆಂಡು, ಅಂದರೆ ಕಾಳು ಬಿಡಿಸಿದ ಮೇಲೆ ಉಳಿಯುವ ತೆನೆಯ ದಿಂಡು ಮಾರಿ.

ನಾನು ಎರಡು ವರ್ಷ ಬುಡದವರೆಗೆ ಕೊಯ್ದು ಮಾರಿದ್ದೆ. ಮೂರನೇ ವರ್ಷ ಬಿತ್ತಿದ ಮಾರನೇ ದಿನ ಜೋರು ಮಳೆ ಹೊಡೆಯಿತು, ಆಮೇಲೆ ಬಿಸಿಲು. ಮಣ್ಣು ಹಪ್ಪಳದ ಹಾಗೆ ಹೆಪ್ಪುಗಟ್ಟಿತು. ಬೆರಳಲ್ಲಿ ಎಬ್ಬಿಸಿ ನೋಡಿದರೆ ಮೊಳಕೆ ಮೇಲೆ ಬರಲಾಗದೆ ಹಳದಿಯಾಗಿ ಸುತ್ತಿಕೊಂಡಿತ್ತು. ದಂಟು ಬಿಟ್ಟಿದ್ದ ಪಕ್ಕದ ಹೊಲದಲ್ಲಿ ಸಾಲು ಚೆನ್ನಾಗಿ ಎದ್ದಿತ್ತು. ಅವತ್ತು ಹೊಟ್ಟೆ ಉರಿಯಿತು.

"ಅಮೆರಿಕದಲ್ಲೂ ಎತ್ತುತ್ತಾರೆ" ಅಂತ ವ್ಯಾಪಾರಿಗಳು ಹೇಳುತ್ತಾರೆ. ನಿಜ. ಐಯೋವಾದ ಎಮ್ಮೆಟ್ಸ್‌ಬರ್ಗ್‌ನಲ್ಲಿ 2014ರಲ್ಲಿ ದಂಟಿನಿಂದ ಎಥನಾಲ್ ತೆಗೆಯುವ ಕಾರ್ಖಾನೆ ಶುರುವಾಯಿತು. ಅಲ್ಲೂ ಹೊಲದಿಂದ ಎತ್ತಿದ್ದು ಸುಮಾರು ಕಾಲು ಭಾಗ ಮಾತ್ರ. ಕಾಳು ಎಷ್ಟು ತೂಗುತ್ತದೋ ದಂಟು, ಎಲೆ, ಬೆಂಡು ಸೇರಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅವರಿಗೆ ಎಕರೆಗೆ 40 ಕ್ವಿಂಟಾಲ್ ದಾಟುತ್ತದೆ. ಕಾಲು ಭಾಗ ಎತ್ತಿದರೂ 30 ಕ್ವಿಂಟಾಲ್ ಮಣ್ಣಿಗೆ ಉಳಿಯಿತು. ನಮಗೆ 25 ಬಂದರೆ ದೊಡ್ಡದು, ಅಲ್ವಾ? ಹಾಗಾಗಿ ಎಷ್ಟು ಎತ್ತಿದೆವು ಅನ್ನುವುದಕ್ಕಿಂತ ಎಷ್ಟು ಬಿಟ್ಟೆವು ಅಂತ ನೋಡಬೇಕು.

25 ಕ್ವಿಂಟಾಲ್ ಕಾಳಿಗೆ ಸುಮಾರು 4 ಕ್ವಿಂಟಾಲ್ ಬೆಂಡು ಸಿಗುತ್ತದೆ. ಅದರಲ್ಲಿ ಗೊಬ್ಬರದ ಅಂಶ ಕಡಿಮೆ. ಕಾಳು ಬಿಡಿಸಿದ ಕಣದಲ್ಲೇ ರಾಶಿ ಬೀಳುವುದರಿಂದ ಮಣ್ಣೂ ಸೇರುವುದಿಲ್ಲ. ಉರುವಲಷ್ಟೇ ಅಲ್ಲ, ಫರ್ಫ್ಯುರಾಲ್ ಅನ್ನುವ ರಾಸಾಯನಿಕಕ್ಕೂ ಬೆಂಡು ಒಳ್ಳೆಯ ಕಚ್ಚಾ ಮಾಲು. ಧೈರ್ಯವಾಗಿ ಮಾರಿ.

ದಂಟು ಹಾಗಲ್ಲ. ಒಂದು ಟನ್ ಹೋದರೆ ಅದರ ಜೊತೆ ಸುಮಾರು 8 ಕೆಜಿ ಸಾರಜನಕ, 12 ಕೆಜಿ ಪೊಟ್ಯಾಷ್ ಹೋಗುತ್ತದೆ. ಅಂಗಡಿಯ ಎಂಒಪಿ (ಪೊಟ್ಯಾಷ್ ಗೊಬ್ಬರ) ಲೆಕ್ಕದಲ್ಲಿ ಬರೀ ಆ ಪೊಟ್ಯಾಷ್ ತುಂಬಲೇ 20 ಕೆಜಿ ಗೊಬ್ಬರ ಬೇಕು. ದಂಟಿಗೆ ವ್ಯಾಪಾರಿಗಳು ಹೇಳುವ ದರದಲ್ಲಿ ಈ ಖರ್ಚು ಕಳೆದು ನೋಡಿ.

ಸ್ವಲ್ಪ ಕೊಡಲೇಬೇಕು ಅಂದರೆ ತೆನೆ ಮುರಿದ ತಕ್ಷಣ ಕೊಡಬೇಡಿ. ಒಂದೆರಡು ಮಳೆ ಬೀಳಲಿ. ಒಣ ದಂಟಿನ ಪೊಟ್ಯಾಷ್ ನೀರಲ್ಲಿ ಸುಲಭವಾಗಿ ತೊಳೆದು ಮಣ್ಣಿಗೆ ಇಳಿಯುತ್ತದೆ. ಪೆಲೆಟ್ ಸುಡುವವರಿಗೂ ಅದು ಒಳ್ಳೆಯದೇ, ಪೊಟ್ಯಾಷ್ ಜಾಸ್ತಿ ಇದ್ದರೆ ಬೂದಿ ಕರಗಿ ಬಾಯ್ಲರ್ ಕೊಳವೆಗೆ ಮೆತ್ತಿಕೊಳ್ಳುತ್ತದೆ. ಮೊಣಕಾಲೆತ್ತರ ಬಿಟ್ಟು ಕೊಯ್ಯಿಸಿ. ಇಳಿಜಾರಿನ ಕಡೆ ಮುಟ್ಟಲೇ ಬೇಡಿ.

ಮನೆಯಲ್ಲಿ ದನ ಎಷ್ಟಿವೆ ಅಂತ ಬರೆದಿಲ್ಲ ನೀವು. ದಂಟು ತಿಂದು ಗೊಬ್ಬರ ಹೊಲಕ್ಕೇ ಬರುತ್ತಿದ್ದರೆ ಲೆಕ್ಕ ಬೇರೆ. ತಿಳಿಸಿ, ಕೂತು ನೋಡೋಣ.